ಯಾರೂ ಓದದ ಇಪ್ಪತ್ತೆಂಟು ಸಾವಿರ ಕಾಗದ

ನವೆಂಬರ್ 10, ಸೋಮವಾರ ಬೆಳಿಗ್ಗೆ 10.20ಕ್ಕೆ ಸತ್ಯವತಿ ಸಿಸ್ಟರ್ ಬದಿಯಡ್ಕ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೂವತ್ತೊಂದು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು, ನಿಂತೇ ಮಾತಾಡಿ ಅಭ್ಯಾಸ. ನಿವೃತ್ತಿಯಾದ ಮೇಲೆ ‘ನೆತ್ತರುನಂಟು’ ಎಂಬ ರಕ್ತದಾನಿಗಳ ಬಳಗ ನಡೆಸುತ್ತಿದ್ದಾರೆ. ಬಳಗದಲ್ಲಿ 412 ದಾನಿಗಳಿದ್ದಾರೆ, ಕಚೇರಿ ಎಂದರೆ ಅವರ ಮನೆಯ ಊಟದ ಮೇಜು.

“ಎಂತ ಕಳವಾಗಿದೆ ಸಿಸ್ಟರ್?” ಇನ್‌ಸ್ಪೆಕ್ಟರ್ ಮಹೇಶ್ವರ ಕೇಳಿದರು.

“ಬಳಗದ ಮೈಲು ಸಾರ್. ಯಾರೋ ನಮ್ಮ ಪಾಸ್‌ವರ್ಡಿನಲ್ಲಿ ಒಳಗೆ ಹೋಗಿ ಸಾವಿರಾರು ಮಂದಿಗೆ ಎಂತದೋ ಕಳಿಸಿದ್ದಾರೆ.”

“ಎಂತದೋ ಅಂದ್ರೆ?”

“ಅದೇ ಗೊತ್ತಿಲ್ಲ. ಕಳಿಸಿದ್ದನ್ನು ಅಳಿಸಿದ್ದಾರೆ. ವಾಪಸ್ ಬಂದದ್ದನ್ನೂ ಅಳಿಸಿದ್ದಾರೆ, ನಮ್ಮ ಮೈಲು ನಡೆಸಿಕೊಡುವವರು ನೋಡಿ ಹೇಳಿದ್ರು. ಈಗ ನಮ್ಮನ್ನು ಕಪ್ಪುಪಟ್ಟಿಗೆ ಹಾಕಿದ್ದಾರೆ. ನಾವು ಯಾರಿಗೆ ಬರೆದರೂ ಅದು ಕಸದ ಬುಟ್ಟಿಗೆ ಹೋಗ್ತದೆ.”

ಮೇಜಿನಾಚೆ ಕೂತಿದ್ದ ಠಾಣೆಯ ರೈಟರ್ ಜಿತೇಂದ್ರ ಪೆನ್ನು ಕೆಳಗಿಟ್ಟ. ಹದಿನಾಲ್ಕು ವರ್ಷದಿಂದ ದೂರು ಬರೆಯುತ್ತಿರುವವನು, ಅಡಿಕೆ ಕಳವು, ಬೇಲಿ ತಕರಾರು, ಬೈಕ್ ಅಪಘಾತ ಅವನಿಗೆ ಕಣ್ಣುಮುಚ್ಚಿ ಬರೆಯಲು ಬರುತ್ತದೆ. “ಫೋನ್ ಮಾಡಿ ಹೇಳಿದ್ರೆ ಆಯ್ತಲ್ಲ ಸಿಸ್ಟರ್? ಮೈಲೇ ಆಗ್ಬೇಕು ಅಂತ ಎಂತ ಉಂಟು?”

ಸಿಸ್ಟರ್ ಅವನತ್ತ ತಿರುಗಿದರು. ಮೊದಲು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರಂತೆ. ಒಂದು ಮಗುವಿಗೆ ರಕ್ತ ಬೇಕೆಂಬ ಸಂದೇಶ, ಮಗು ಗುಣವಾಗಿ ಶಾಲೆಗೆ ಸೇರಿದ ಮೇಲೂ ಎರಡು ವರ್ಷ ಊರೂರು ತಿರುಗಿತು. ಜನ ಆಸ್ಪತ್ರೆಗೆ ಓಡಿ ಬಂದು ಬರಿಗೈಯಲ್ಲಿ ಹೋದರು. ಆಮೇಲೆ ಬಳಗದ ಮೈಲಿನಿಂದ ಬಂದರೆ ಮಾತ್ರ ನಂಬಿ ಎಂದು ಅವರೇ ನಿಯಮ ಮಾಡಿದರು. ಯಾರ ಸರದಿ ಯಾವ ದಿನ ಎಂಬುದು ಅದರಲ್ಲೇ ಹೋಗುತ್ತದೆ.

“ಕುಂಬ್ಡಾಜೆಯಲ್ಲಿ ನಿಶ್ಮಿತಾ ಅಂತ ಮಗು ಉಂಟು. ಒಂಬತ್ತು ವರ್ಷ. ಅವಳ ಮೈಯಲ್ಲಿ ಬೇಕಾದಷ್ಟು ರಕ್ತ ಹುಟ್ಟುವುದಿಲ್ಲ, ಮೂರು ವಾರಕ್ಕೊಮ್ಮೆ ಹಾಕಲೇಬೇಕು. ಅವಳದ್ದು ಓ ನೆಗೆಟಿವ್, ಸುಲಭದಲ್ಲಿ ಸಿಗುವುದಿಲ್ಲ. ಹೋದ ಸಲ ಸರದಿಯವರಿಗೆ ಮೈಲು ಸಿಗ್ಲಿಲ್ಲ. ನಾಲ್ಕು ದಿನ ತಡವಾಯ್ತು. ಮಗು ಗೋಡೆ ಹಿಡ್ಕೊಂಡು ನಡೀತಿತ್ತು. ಈ ಶುಕ್ರವಾರ ಮತ್ತೆ ಅವಳ ದಿನ.”

“ಈ ಸಲದ ಸರದಿ ಯಾರದ್ದು?”

“ಎಣ್ಮಕಜೆಯ ಶಶಾಂಕ. ಫೋನ್ ಮಾಡಿದೆ. ನಿಮ್ಮ ಬಳಗದ ಮೈಲಿನಿಂದ ಕಸ ಬರ್ತದೆ ಅಂತ ನಮ್ಮ ಆಫೀಸಿನಲ್ಲಿ ತಡೆದಿದ್ದಾರೆ, ನನ್ನ ವಿಳಾಸ ಯಾರಿಗೆ ಮಾರಿದ್ರಿ, ಹೆಸರು ತೆಗೀರಿ ಅಂದ್ರು. ಓ ನೆಗೆಟಿವ್ ಇರುವ ಉಳಿದವರಲ್ಲಿ ನಾಲ್ಕು ಮಂದಿ ಗಲ್ಫಿನಲ್ಲಿ. ಬಾಕಿಯವರು ಕೊಟ್ಟು ಮೂರು ತಿಂಗಳಾಗಿಲ್ಲ.” ಇಷ್ಟು ಹೇಳಿ ಸಿಸ್ಟರ್ ಕೊನೆಗೂ ಕೂತರು. ಜಿತೇಂದ್ರನ ಮುಖ ನೋಡಿ, “ನೀವೂ ಒಮ್ಮೆ ಕೊಟ್ಟಿದ್ದೀರಿ ಅಲ್ವಾ?” ಎಂದರು.

“ಕೊಟ್ಟಿದ್ದೇನೆ. ಕೊಟ್ಟರೆ ಅರ್ಧ ದಿನ ರಜೆ ಸಿಗ್ತದೆ ಅಂದ್ರು. ಮತ್ತೆ ಒಂದು ಜ್ಯೂಸು.”

ಇನ್‌ಸ್ಪೆಕ್ಟರ್ ನಗಲಿಲ್ಲ. 11.40ಕ್ಕೆ ಐಟಿ ಕಾಯಿದೆಯ ಕಲಂ 66 ಮತ್ತು 66 ಸಿ ಪ್ರಕಾರ ಎಫ್‌ಐಆರ್ ದಾಖಲಾಯಿತು. ಈ ಕಾಯಿದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಅದು ನೇರ ಮಹೇಶ್ವರರ ತಲೆಗೇ ಬಿತ್ತು. ಕಂಪ್ಯೂಟರ್ ಪದವಿ ಮುಗಿಸಿ ಪೊಲೀಸಿಗೆ ಸೇರಿದ ಕಾನ್‌ಸ್ಟೆಬಲ್ ರಶ್ಮಿತಾಳನ್ನು ಅವರು ಜೊತೆಗೆ ಕರೆದುಕೊಂಡರು.

ಮಧ್ಯಾಹ್ನ 2.30ಕ್ಕೆ ಇಬ್ಬರೂ ‘ಪಯಸ್ವಿನಿ ಮೈಲ್’ ಎಂಬ ಬೋರ್ಡಿನ ಕೆಳಗೆ ಜೀಪಿನಿಂದ ಇಳಿದರು. ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಯಜಮಾನ ವಿಷ್ಣುಪ್ರಸಾದ, ವಯಸ್ಸು 38. ಊರಿನ ಗ್ರಂಥಾಲಯ, ಹಾಲಿನ ಸೊಸೈಟಿ, ಎರಡು ಶಾಲೆ, ಯಕ್ಷಗಾನ ಸಂಘ, ಸಿಸ್ಟರ ಬಳಗ ಹೀಗೆ 140 ಗಿರಾಕಿಗಳಿಗೆ ಮೈಲು ನಡೆಸಿಕೊಡುತ್ತಾನೆ. ಕನ್ನಡದಲ್ಲೇ ಎಲ್ಲ ಮಾಡಬಹುದೆಂದು ಜನ ಇವನಲ್ಲಿಗೆ ಬರುತ್ತಾರೆ. ಮೂರು ವಾರದಿಂದ ಅವರೆಲ್ಲರ ಬೈಗುಳವೂ ಇವನಿಗೇ.

“ತಪ್ಪು ಒಂದು ಖಾತೆಯದ್ದು ಸಾರ್. ಶಿಕ್ಷೆ 140 ಮಂದಿಗೆ,” ಎಂದು ವಿಷ್ಣುಪ್ರಸಾದ ಶುರುಮಾಡಿದ. “ಒಂದು ಮನೆಯವ ಟಿಕೆಟ್ ತೆಗೀಲಿಲ್ಲ ಅಂತ ಇಡೀ ಊರಿನ ಬಸ್ಸು ನಿಲ್ಲಿಸಿದ ಹಾಗೆ.”

“ನಿಲ್ಲಿಸಿದ್ದು ಯಾರು?”

“ವಿದೇಶದ ಒಂದು ಸಂಸ್ಥೆ. ಕಸ ಕಳಿಸುವವರ ಪಟ್ಟಿ ಅವರು ಮಾಡ್ತಾರೆ, ಲೋಕದ ಮೈಲು ಕಂಪನಿಗಳೆಲ್ಲ ಅದನ್ನು ನೋಡಿ ಬಾಗಿಲು ಹಾಕ್ತವೆ. ಫೋನ್ ನಂಬರ್ ಇಲ್ಲ, ಒಬ್ಬ ಮನುಷ್ಯ ಇಲ್ಲ. ಒಂದು ಅರ್ಜಿ ತುಂಬಿಸ್ಬೇಕು, ಅಷ್ಟೆ. ದೊಡ್ಡ ಕಂಪನಿಗಳಿಂದ ದಿನಾ ಲಾಟರಿ, ಸಾಲ, ಗುಳಿಗೆ ಅಂತ ಎಷ್ಟು ಕಸ ಬರ್ತದೆ! ಅವರ ಬಸ್ಸು ಯಾರಾದ್ರೂ ನಿಲ್ಲಿಸ್ತಾರಾ?”

ಮಾತು ಸರಿ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಕೇಳದೆ ತೀರ್ಪು ಕೊಡುವುದು ಅವರಿಗೂ ಇಷ್ಟವಿಲ್ಲದ ವಿಷಯ. ಆದರೆ ಸರಿಯಾದ ಮಾತು ಆಡುವವರ ಮೇಜನ್ನೂ ಒಮ್ಮೆ ತೆರೆದು ನೋಡುವುದು ಅವರ ಕೆಲಸ.

“ನಿಮಗೆ ಮೊದಲೇ ಯಾರೂ ಎಚ್ಚರಿಸಲಿಲ್ಲವಾ?”

“ಇಲ್ಲ ಸಾರ್.”

ಅಷ್ಟರಲ್ಲಿ ರಶ್ಮಿತಾ ಅವನ ಕಂಪ್ಯೂಟರಿನಲ್ಲಿ ದೂರುಗಳಿಗೆಂದೇ ಇಟ್ಟ ಪೆಟ್ಟಿಗೆಯನ್ನು ತೆರೆಸಿದ್ದಳು. ಅದರಲ್ಲಿ ಓದದ ಮೈಲು 611. ಅಕ್ಟೋಬರ್ 8, 13 ಮತ್ತು 17ರಂದು ಆ ವಿದೇಶದ ಸಂಸ್ಥೆಯದ್ದೇ ಮೂರು: ನಿಮ್ಮಲ್ಲಿ ಒಂದು ಖಾತೆಯಿಂದ ವಿಪರೀತ ಹೋಗುತ್ತಿದೆ, ಸತ್ತ, ಅಂದರೆ ಯಾರೂ ಬಳಸದ ವಿಳಾಸಗಳಿಗೂ ಹೋಗುತ್ತಿದೆ, ನಿಲ್ಲಿಸಿ. ನಾಲ್ಕನೆಯದು ಅಕ್ಟೋಬರ್ 22ರದ್ದು, ಪಟ್ಟಿಗೆ ಸೇರಿಸಿದ್ದೇವೆ ಎಂದು.

“ಬಸ್ಸು ನಿಲ್ಲಿಸುವ ಮೊದಲು ಮೂರು ಸಲ ಹಾರ್ನ್ ಹೊಡೆದಿದ್ದಾರೆ ಸಾರ್,” ಎಂದಳು ರಶ್ಮಿತಾ.

ವಿಷ್ಣುಪ್ರಸಾದನ ಮುಖ ಇಳಿಯಿತು. ಆ ಪೆಟ್ಟಿಗೆಯನ್ನು ಅವನು ವರ್ಷದಿಂದ ತೆರೆದಿರಲಿಲ್ಲ. ಒಂದು ಖಾತೆಯಿಂದ ಗಂಟೆಗೆ ಇಷ್ಟೇ ಮೈಲು ಹೋಗಬೇಕೆಂಬ ಮಿತಿಯನ್ನೂ ಇಟ್ಟಿರಲಿಲ್ಲ. ಊರಿನವರೇ ಅಲ್ಲವಾ, ಯಾರು ಅಷ್ಟು ಕಳಿಸುತ್ತಾರೆ ಎಂದುಕೊಂಡಿದ್ದನಂತೆ. ಅವನು ಸುಳ್ಳು ಹೇಳಲಿಲ್ಲ, ನೋಡಿರಲಿಲ್ಲ ಅಷ್ಟೆ. ಆದರೆ ನಿಶ್ಮಿತಾ ಗೋಡೆ ಹಿಡಿದು ನಡೆದದ್ದರಲ್ಲಿ ಇದರದ್ದೂ ಪಾಲಿತ್ತು.

“ಈಗಲೇ ಅರ್ಜಿ ಹಾಕಿದ್ರೆ ಪಟ್ಟಿಯಿಂದ ತೆಗೀತಾರಾ?”

“ಕಾರಣ ಎಂತ, ಕಳಿಸಿದವರು ಯಾರು, ನಿಂತಿದೆಯಾ ಅಂತ ಕೇಳ್ತಾರೆ ಸಾರ್. ಅದು ಗೊತ್ತಾಗದೆ ಹಾಕಿದ್ರೆ ತಿರಸ್ಕಾರ. ಮತ್ತೆ ಹದಿನೈದು ದಿನ ಕಾಯ್ಬೇಕು.”

ಅಂದರೆ ಶುಕ್ರವಾರದೊಳಗೆ ಆರೋಪಿ ಸಿಗಬೇಕು. ಕೆಳಗಿನ ಬೇಕರಿಯ ಇಬ್ಬರನ್ನು ಸಾಕ್ಷಿಗೆ ಕರೆದು ಪಂಚನಾಮೆ ಬರೆದು, ಆ ಖಾತೆಯ ಲಾಗ್, ಅಂದರೆ ಯಾವ ಹೊತ್ತಿಗೆ ಯಾರಿಗೆ ಹೋಯಿತು ಎಂಬ ದಾಖಲೆಯನ್ನು ವಶಪಡಿಸಿಕೊಂಡರು. ಸಮಯ 4.15. ಲಾಗಿನಲ್ಲಿ ವಿಳಾಸ ಮಾತ್ರ ಇತ್ತು, ಒಳಗೆ ಬರೆದದ್ದು ಎಂತ ಎಂಬುದು ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ರಶ್ಮಿತಾ ಲೆಕ್ಕ ಮುಂದಿಟ್ಟಳು. ವಿಳಾಸ 9,412. ಎಲ್ಲರಿಗೂ ಮೂರು ಮೂರು ಸಲ. ಒಟ್ಟು 28,236. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ 5ರ ತನಕ, ದಿನಾ ಮಧ್ಯಾಹ್ನ 1.10ರಿಂದ 1.50ರೊಳಗೆ. ಭಾನುವಾರ ಒಂದೂ ಇಲ್ಲ.

“ಭಾನುವಾರ ರಜೆ ಮಾಡುವ ಹ್ಯಾಕರ್!” ಎಂದ ಜಿತೇಂದ್ರ. “ಒಳ್ಳೆ ಕಂಪನಿಯಲ್ಲಿ ಇದ್ದಾನೆ ಮಾರಾಯ.”

“ಊಟದ ಹೊತ್ತಿಗೆ ಕೂತು ಮಾಡಿದ್ದಾರೆ,” ಎಂದರು ಇನ್‌ಸ್ಪೆಕ್ಟರ್. “ಕೆಲಸಕ್ಕೆ ಹೋಗುವವರು. ಈ ವಿಳಾಸಗಳನ್ನು ಎಲ್ಲಿಂದ ತಂದರು?”

“ಅದೇ ಗೊತ್ತಾಗುವುದಿಲ್ಲ ಸಾರ್. ಅಕಾರಾದಿಯಲ್ಲೂ ಇಲ್ಲ, ಕಂಪನಿವಾರೂ ಇಲ್ಲ. ಒಂದು ಕ್ರಮ ಉಂಟು, ಆದ್ರೆ ಎಂತ ಕ್ರಮ ಅಂತ ಹಿಡೀಲಿಕ್ಕೆ ಆಗ್ತಾ ಇಲ್ಲ.”

ಜಿತೇಂದ್ರ ಚಾ ಕುಡಿಯುತ್ತಾ ಹಾಳೆ ಎಳೆದುಕೊಂಡ. ವಿಳಾಸದಲ್ಲಿರುವ ಹೆಸರು ನೋಡಿದರೆ ಸಾಕು, ಅದು ಯಾವ ಮನೆಯದ್ದೆಂದು ಅವನಿಗೆ ಗೊತ್ತಾಗುತ್ತದೆ. ಮೊದಲ ಹೆಸರು ಒಂದು ದೇವಸ್ಥಾನದ ಕಚೇರಿ. ಎರಡನೆಯದು ಅಲ್ಲಿನ ತಂತ್ರಿಗಳ ಮನೆ. ಮತ್ತೆ ಹೈಸ್ಕೂಲಿನ ಹಿರಿಯ ಮೇಷ್ಟ್ರು. ಅಲ್ಲಿಂದ ಅಗಲ್ಪಾಡಿಯ ಮನೆಗಳು, ರಸ್ತೆ ಹೋದ ಹಾಗೆ. ಆಮೇಲೆ ಕುಂಬ್ಡಾಜೆ, ಆಮೇಲೆ ಎಣ್ಮಕಜೆ. ಅವನು ಚಾ ಲೋಟ ಇಟ್ಟ.

“ಸಾರ್, ಇದು ಮದುವೆ ಹೇಳುವ ಕ್ರಮ.”

“ಎಂತದು?”

“ಮದುವೆ ಹೇಳ್ಲಿಕ್ಕೆ ಹೊರಟವ ಹೀಗೆಯೇ ಹೋಗುವುದು. ಮೊದಲ ಕಾರ್ಡು ದೇವರ ಎದುರು. ಮತ್ತೆ ತಂತ್ರಿಗಳಿಗೆ, ಮತ್ತೆ ಪಾಠ ಹೇಳಿದವರಿಗೆ, ಅಲ್ಲಿಂದ ಮನೆಮನೆ. ಅಣ್ಣನ ಮದುವೆಗೆ ಹದಿನೆಂಟು ದಿನ ತಿರುಗಿದ್ದೇನೆ, ನನ್ನ ಕಾಲಿಗೆ ಗೊತ್ತುಂಟು. ಮೂರು ಸಲ ಕಳಿಸಿದ್ದೂ ಅದಕ್ಕೇ. ಒಮ್ಮೆ ಕಾರ್ಡು ಕೊಡುವುದು, ದಿನ ಹತ್ತಿರ ಬಂದಾಗ ನೆನಪು ಮಾಡುವುದು, ಹಿಂದಿನ ದಿನ ಇನ್ನೊಂದು ಮಾತು.”

“ಸತ್ತ ವಿಳಾಸಗಳು ಯಾಕೆ ಇವೆ?” ರಶ್ಮಿತಾ ಕೇಳಿದಳು.

“ಆಮಂತ್ರಣದ ಪಟ್ಟಿಯಿಂದ ಹೆಸರು ತೆಗೆಯುವ ಕ್ರಮ ನಮ್ಮಲ್ಲಿ ಉಂಟಾ? ಅಜ್ಜ ಹೋದರೂ ಮನೆ ಉಂಟಲ್ಲ.”

ಹಾಗೆ ಹೇಳುತ್ತಾ ಹಾಳೆ ತಿರುಗಿಸಿದವನು 31ನೇ ಪುಟದಲ್ಲಿ ನಿಂತುಬಿಟ್ಟ. ಅಲ್ಲಿ ಅವನದ್ದೇ ಒಂದು ವಿಳಾಸವಿತ್ತು. 2019ರಲ್ಲಿ ಅಣ್ಣನ ಮದುವೆಗೆಂದೇ ಮಾಡಿಸಿದ್ದು, ಆಮೇಲೆ ತೆರೆದೇ ಇಲ್ಲ. ಅದನ್ನು ಕೊಟ್ಟದ್ದು ಲೋಕದಲ್ಲಿ ಒಂದೇ ಕಡೆ, ಆಮಂತ್ರಣ ಪತ್ರಿಕೆ ಅಚ್ಚು ಮಾಡಿಸಿದ ಮೇಲಿನ ಪೇಟೆಯ ಪ್ರೆಸ್ಸಿಗೆ. ಕಾರ್ಡಿನ ಲಕೋಟೆಗೆ ವಿಳಾಸ ಅಂಟಿಸಲು, ಮೈಲಿನಲ್ಲೂ ಕಳಿಸಲು ಊರಿನವರೆಲ್ಲ ತಮ್ಮ ಪಟ್ಟಿಯನ್ನು ಅಲ್ಲೇ ಬಿಟ್ಟುಬರುತ್ತಾರೆ.

ಪಾಸ್‌ವರ್ಡ್ ನೆನಪು ಮಾಡಿಕೊಳ್ಳಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಅತ್ತಿಗೆಯ ಹೆಸರು ಮತ್ತು ಮದುವೆಯ ತಾರೀಕು. ಕಸದ ಬುಟ್ಟಿಯಲ್ಲಿ ಲಾಟರಿ, ಸಾಲ, ಕೂದಲು ಬೆಳೆಸುವ ಎಣ್ಣೆಯ ನಡುವೆ ‘ನೆತ್ತರುನಂಟು’ ಹೆಸರಿನ ಮೂರು ಮೈಲುಗಳಿದ್ದವು. ಮೂರೂ ಒಂದೇ. ಜಿತೇಂದ್ರ ಜೋರಾಗಿ ಓದಲು ಶುರುಮಾಡಿದ, ಮೋಸದ ಜಾಹೀರಾತು ಓದುವ ದನಿಯಲ್ಲಿ.

“ನಮಸ್ಕಾರ. ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ನನಗೆ ಏಳು ಬಾಟ್ಲಿ ನೆತ್ತರು ಹಾಕಿದರು. ಯಾರು ಕೊಟ್ಟದ್ದೆಂದು ಕೇಳಿದೆ, ಹೇಳಲಿಲ್ಲ. ಆ ಏಳು ಮಂದಿಯಲ್ಲಿ ನೀವು ಒಬ್ಬರಾಗಿದ್ದರೆ ಈ ಕಾಗದ ನಿಮಗೆ. ನಾನು ಬದುಕಿದ್ದೇನೆ. ಇವತ್ತು ಬೆಳಿಗ್ಗೆ ನೀರುದೋಸೆ ಎರೆದೆ. ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದೆ. ಇದೆಲ್ಲ ನಿಮ್ಮಿಂದ. ನೀವು ಆ ಏಳರಲ್ಲಿ ಇಲ್ಲದಿದ್ದರೆ ಬೇಜಾರು ಮಾಡಬೇಡಿ. ಓದಿದ್ದಕ್ಕೂ ಉಪಕಾರ.”

ಹೆಸರಿರಲಿಲ್ಲ. ಓದಿ ಮುಗಿಸುವಾಗ ಜಿತೇಂದ್ರನ ದನಿ ಬೇರೆಯೇ ಆಗಿತ್ತು. ಇಪ್ಪತ್ತೆಂಟು ಸಾವಿರ ಸಲ ಹೇಳಿದ ಉಪಕಾರ, ಮೊದಲ ಸಲ ಯಾರೋ ಓದಿದ್ದು ಪೊಲೀಸ್ ಠಾಣೆಯಲ್ಲಿ.

“ಕೇಸು ಕೇಸೇ,” ಎಂದು ಇನ್‌ಸ್ಪೆಕ್ಟರ್ ಎದ್ದರು. ಯಾರೂ ಅಲ್ಲ ಎಂದಿರಲಿಲ್ಲ.

ನವೆಂಬರ್ 12, ಬುಧವಾರ ಮಧ್ಯಾಹ್ನ 1.15ಕ್ಕೆ ಅವರು ಪ್ರೆಸ್ಸಿನ ಒಳಗೆ ಹೋದರು. ಯಜಮಾನರು ಊಟಕ್ಕೆ ಹೋಗಿದ್ದರು. ಪಂಚಾಯತ್ ಚುನಾವಣೆಯ ನೋಟೀಸುಗಳ ರಾಶಿಯ ಹಿಂದೆ ಒಬ್ಬರೇ ಕೂತು ಬುತ್ತಿ ಬಿಚ್ಚುತ್ತಿದ್ದರು. ಪಂಕಜಾಕ್ಷಿ, ವಯಸ್ಸು 44, ಇಪ್ಪತ್ತಮೂರು ವರ್ಷದಿಂದ ಅಲ್ಲಿ ಕಾರ್ಡು ಜೋಡಿಸುವವರು.

“ಅಕ್ಕ, ನೆತ್ತರುನಂಟು ಬಳಗದ ಪಾಸ್‌ವರ್ಡ್ ನಿಮಗೆ ಸಿಕ್ಕಿದ್ದು ಹೇಗೆ?” ರಶ್ಮಿತಾ ನೇರವಾಗಿ ಕೇಳಿದಳು.

ಪಂಕಜಾಕ್ಷಿ ಬುತ್ತಿಯ ಮುಚ್ಚಳ ಹಾಕಿದರು. ಅಲ್ಲಗಳೆಯುವ ಪ್ರಯತ್ನವನ್ನೇ ಮಾಡಲಿಲ್ಲ. “ಆಗಸ್ಟಿನಲ್ಲಿ ಶಿಬಿರದ ನೋಟೀಸು ಅಚ್ಚು ಮಾಡಿದೆವು. ಅದನ್ನು ಬಳಗದ ಮೈಲಿನಿಂದಲೇ ಕಳಿಸಿ ಅಂತ ಸಿಸ್ಟರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ರು. ಚೀಟಿ ನನ್ನಲ್ಲೇ ಉಳಿಯಿತು.”

“ಅದು ಆ ಒಂದು ಕೆಲಸಕ್ಕೆ ಕೊಟ್ಟದ್ದಲ್ವಾ?” ಇನ್‌ಸ್ಪೆಕ್ಟರ್ ಕೇಳಿದರು.

“ಹೌದು ಸಾರ್.”

“ಸಿಸ್ಟರ್ ಹತ್ರ ಕೇಳ್ಬಹುದಿತ್ತು.”

“ಕೇಳಿದ್ದೆ. ಎರಡು ಸಲ. ಕೊಟ್ಟವರ ಹೆಸರು ಹೇಳುವ ಕ್ರಮ ಇಲ್ಲ ಅಂದ್ರು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ರು. ಎಲ್ಲರಿಗೂ ಮೈಲು ಕಳಿಸ್ತೇನೆ ಅಂತ ಕೇಳಿದ್ರೂ ಬೇಡ ಅಂತಿದ್ರು. ಅದಕ್ಕೇ ಹೇಳದೆ ಮಾಡಿದೆ, ಮಾಡಿ ಅಳಿಸಿದೆ.”

“ಏಳು ಮಂದಿಗೆ ಹೇಳಲು ಒಂಬತ್ತು ಸಾವಿರ ಮಂದಿಗೆ ಯಾಕೆ?”

“ಯಾವ ಮನೆ ಅಂತ ಗೊತ್ತಿಲ್ಲದಿದ್ರೆ ಎಲ್ಲಾ ಮನೆಗೂ ಹೇಳ್ಬೇಕಲ್ವಾ ಸಾರ್? ಒಂದು ಮನೆ ಬಿಟ್ಟು, ಆ ಮನೆಯವರೇ ಕೊಟ್ಟವರಾಗಿದ್ರೆ? ಇಲ್ಲಿ ಎಲ್ಲರ ಪಟ್ಟಿ ಉಂಟು. ಎಲ್ಲರ ಮದುವೆ, ಎಲ್ಲರ ಗೃಹಪ್ರವೇಶ ನಾನೇ ಹೇಳಿದವಳು. ನನ್ನದೊಂದು ಹೇಳ್ಲಿಕ್ಕೆ ಇತ್ತು.”

ಇನ್‌ಸ್ಪೆಕ್ಟರ್ ಒಂದು ಕ್ಷಣ ನೋಟೀಸಿನ ರಾಶಿ ನೋಡಿದರು. ಆಮೇಲೆ ಬಚ್ಚಿಡದೆ ಹೇಳಿದರು. ಅದರಲ್ಲಿ ಹೆಚ್ಚಿನದು ಕಸದ ಬುಟ್ಟಿಗೆ ಹೋದದ್ದು, ಬಳಗಕ್ಕೆ ಬಾಗಿಲು ಮುಚ್ಚಿದ್ದು, ನಿಶ್ಮಿತಾ ಗೋಡೆ ಹಿಡಿದು ನಡೆದದ್ದು, ಶುಕ್ರವಾರ ಮತ್ತೆ ಅವಳ ದಿನ ಎಂಬುದು. ಪಂಕಜಾಕ್ಷಿ ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡರು. ತಾನು ಜೈಲಿಗೆ ಹೋಗಬೇಕಾದೀತೇ ಎಂದು ಅವರು ಕೇಳಲಿಲ್ಲ. “ಮಗು ಈಗ ಹೇಗಿದ್ದಾಳೆ?” ಎಂದು ಕೇಳಿದರು.

1.50ಕ್ಕೆ ರಶ್ಮಿತಾಳ ಸಮ್ಮುಖದಲ್ಲಿ ಬಂಧನ ದಾಖಲಾಯಿತು. ಚೀಟಿಯನ್ನೂ ಪ್ರೆಸ್ಸಿನ ಕಂಪ್ಯೂಟರನ್ನೂ ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಠಾಣೆಯಲ್ಲಿ ಹೇಳಿಕೆ ಬರೆದದ್ದು ಜಿತೇಂದ್ರ. ಬರೆಯುವ ಮೊದಲು ಅವನೇ ಎದ್ದು ಹೋಗಿ ಅವರ ಬುತ್ತಿಯನ್ನು ಮುಂದೆ ಇಟ್ಟು, “ಮೊದಲು ಊಟ ಮಾಡಿ ಅಕ್ಕ,” ಎಂದ. ಜಾಮೀನು ಸಿಗುವ ಅಪರಾಧ. ಸಂಜೆ 4.30ಕ್ಕೆ ಠಾಣೆಯಿಂದಲೇ ಬಿಡುಗಡೆಯಾಯಿತು. ಮುಂದಿನದ್ದು ನ್ಯಾಯಾಲಯಕ್ಕೆ ಬಿಟ್ಟದ್ದು. ರಾಜಿ ಮಾಡಿಕೊಳ್ಳಲು ತಾನು ಸಿದ್ಧ ಎಂದು ಸತ್ಯವತಿ ಸಿಸ್ಟರ್ ಅದೇ ದಿನ ಬರೆದುಕೊಟ್ಟರು.

ಅದೇ ಸಂಜೆ ವಿಷ್ಣುಪ್ರಸಾದ ಎಫ್‌ಐಆರ್ ಪ್ರತಿಯೊಂದಿಗೆ ಅರ್ಜಿ ಹಾಕಿದ. ಕಾರಣ ಹೀಗೆ, ನಿಂತಿದೆ, ಇನ್ನು ಗಂಟೆಗೆ ಐವತ್ತರ ಮಿತಿ, ದೂರಿನ ಪೆಟ್ಟಿಗೆ ದಿನಾ ತೆರೆಯುತ್ತೇನೆ. ಕೊನೆಗೆ ತನ್ನದೇ ಒಂದು ಮಾತು ಸೇರಿಸಿದ: ಒಂದು ಖಾತೆಯ ತಪ್ಪಿಗೆ ಉಳಿದ 139 ಮಂದಿಗೆ ಇನ್ನು ಮುಂದೆ ಬಾಗಿಲು ಮುಚ್ಚಬೇಡಿ, ಈ ಸಲ ರಕ್ತಕ್ಕೆ ಕಾಯುವ ಒಂದು ಮಗುವೂ ಇದರಲ್ಲಿ ಸಿಕ್ಕಿಬಿದ್ದಿದೆ. ಗುರುವಾರ 4.40ಕ್ಕೆ ಉತ್ತರ ಬಂತು. ಯಂತ್ರ ಬರೆದದ್ದಲ್ಲ, ಯಾರೋ ಮನುಷ್ಯರೇ ಬರೆದದ್ದು. ಪಟ್ಟಿಯಿಂದ ತೆಗೆದಿದ್ದೇವೆ, ಮಗುವಿಗೆ ಒಳ್ಳೆಯದಾಗಲಿ ಎಂದಿತ್ತು. ವಿಷ್ಣುಪ್ರಸಾದ ಅದನ್ನು ಇನ್‌ಸ್ಪೆಕ್ಟರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದ.

ಐದು ಗಂಟೆಗೆ ಸಿಸ್ಟರ್ ತಮ್ಮ 412 ದಾನಿಗಳಿಗೆ, ಮಿತಿಯ ಒಳಗೆ, ಐವತ್ತು ಐವತ್ತರಂತೆ ಒಂದು ಮೈಲು ಕಳಿಸಲು ಕೂತರು. ಮೊದಲ ಐವತ್ತರಲ್ಲಿ ಓ ನೆಗೆಟಿವ್‌ನವರು. ನಡೆದದ್ದನ್ನು ಮೂರು ಸಾಲಿನಲ್ಲಿ ಹೇಳಿ, ಪಂಕಜಾಕ್ಷಿಯ ಒಪ್ಪಿಗೆ ಪಡೆದು, ಕೆಳಗೆ ಆ ಕಾಗದವನ್ನು ಹಾಗೆಯೇ ಹಾಕಿದ್ದರು. ಈ ಸಲ ಅದು ಕಸದ ಬುಟ್ಟಿಗೆ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ 8.10ಕ್ಕೆ ಶಶಾಂಕ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಸಿಸ್ಟರನ್ನು ನೋಡಿ, “ಹೆಸರು ತೆಗ್ದಿದ್ರೆ ವಾಪಸ್ ಸೇರಿಸಿ,” ಎಂದರು.

“ತೆಗೀಲೇ ಇಲ್ಲ,” ಎಂದರು ಸಿಸ್ಟರ್.

ಪರೀಕ್ಷೆಗಳೆಲ್ಲ ಮುಗಿದು ಸಂಜೆಯ ಹೊತ್ತಿಗೆ ನಿಶ್ಮಿತಾಳ ಕೈಗೆ ಬಾಟ್ಲಿ ಏರಿತು. ಮರುದಿನ ಅವಳು ಅಂಗಳದಲ್ಲಿ ಓಡಿದಳೆಂದು ಅವಳ ಅಮ್ಮ ಠಾಣೆಗೆ ಫೋನ್ ಮಾಡಿ ಹೇಳಿದರು. ಠಾಣೆಗೆ ಬರುವ ಫೋನುಗಳಲ್ಲಿ ಅಂಥದ್ದು ಅಪರೂಪ. ಇನ್‌ಸ್ಪೆಕ್ಟರ್ ಅದನ್ನು ಕೇಸ್ ಡೈರಿಯಲ್ಲಿ ಬರೆದರು. ಅಲ್ಲಿ ಬರೆಯಬೇಕಾದ ವಿಷಯ ಅದಲ್ಲ ಎಂದು ಅವರಿಗೂ ಗೊತ್ತಿತ್ತು.

ನವೆಂಬರ್ 26ರಂದು ಅಂಚೆಯವ ಠಾಣೆಗೆ ಒಂದು ಲಕೋಟೆ ತಂದ. ಜಿತೇಂದ್ರನ ಹೆಸರಿಗೆ. ವಿಳಾಸ ಬರೆದ ಓರೆ ಅಕ್ಷರ ಅವನಿಗೆ ಪರಿಚಯದ್ದು, ಹದಿನಾಲ್ಕು ದಿನದ ಹಿಂದೆ ಸಿಸ್ಟರ್ ಬರೆದುಕೊಟ್ಟ ರಾಜಿಯ ಕಾಗದದಲ್ಲಿದ್ದದ್ದು. ಒಳಗೆ ಮದುವೆ ಕಾರ್ಡಿನ ದಪ್ಪ ಕಾಗದ, ಆದರೆ ಅಚ್ಚಿನ ಅಕ್ಷರ ಒಂದೂ ಇಲ್ಲ, ಎಲ್ಲ ಕೈಬರಹ. ‘ಸಿಸ್ಟರ್ ನಿಮ್ಮ ಹೆಸರು ಹೇಳಲಿಲ್ಲ. ಏಳು ಕಾಗದ ಬರೆದು ಕೊಡು, ವಿಳಾಸ ನಾನು ಬರೆಯುತ್ತೇನೆ ಅಂದರು. ಈ ಸಲ ಬೇರೆ ಯಾವ ಮನೆಗೂ ಹೇಳಿಲ್ಲ. ನಾನು ಬದುಕಿದ್ದೇನೆ. ಇವತ್ತು ಬೆಳಿಗ್ಗೆಯೂ ದೋಸೆ ಎರೆದೆ.’

ಜಿತೇಂದ್ರ ಅದನ್ನು ಎರಡು ಸಲ ಓದಿ ಅಂಗಿಯ ಜೇಬಿನಲ್ಲಿಟ್ಟ. ತುಂಬಾ ಹೊತ್ತು ಯಾವುದೋ ಹಳೆಯ ಕಡತ ತಿರುಗಿಸಿದ. ಮಧ್ಯಾಹ್ನ ಇನ್‌ಸ್ಪೆಕ್ಟರರ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಸಾರ್, ನಾಳೆ ಬೆಳಿಗ್ಗೆ ಸಿಸ್ಟರ್ ಹೇಳಿದ ಆಸ್ಪತ್ರೆಗೆ ಹೋಗಿ ಬರ್ತೇನೆ. ರಕ್ತ ಕೊಡ್ಲಿಕ್ಕೆ. ಹತ್ತೂವರೆಗೆ ಇಲ್ಲಿರ್ತೇನೆ.”

“ಅರ್ಧ ದಿನ ರಜೆ ಉಂಟಲ್ಲ ಜಿತೇಂದ್ರ?”

“ರಜೆ ಬೇಡ ಸಾರ್,” ಎಂದ ಅವನು.